ರುಕ್ಮಯ್ಯನ ರಿಮೋಟ್ ಕಾರು

"ಗೇರಿನ ಗಾಡಿಗೆ ರಿಮೋಟ್ ಸ್ಟಾರ್ಟ್ ಹಾಗೆಲ್ಲ ಸುಮ್ಮನೆ ಹಾಕ್ಲಿಕ್ಕೆ ಆಗುದಿಲ್ಲ," ಎಂದಳು ಶಮ್ನಾ. ಅವಳ ಅರ್ಧ ಮೈ ಕಾರಿನ ಸ್ಟೇರಿಂಗಿನ ಅಡಿಯಲ್ಲಿತ್ತು, ಮಾತು ಅಲ್ಲಿಂದಲೇ ಬಂತು. "ಮೊದಲು ಇದು ಹೇಳಿ. ಗಾಡಿ ನಿಲ್ಲಿಸುವಾಗ ಎಂತ ಮಾಡ್ತೀರಿ?"

ರುಕ್ಮಯ್ಯನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಮೂಡುಬಿದಿರೆಯಿಂದ ವೇಣೂರು ದಾಟಿ ಬೆಳ್ತಂಗಡಿಗೆ ಬಸ್ಸು ಓಡಿಸುತ್ತಲೇ ತಲೆ ಬೆಳ್ಳಗಾದವನು ಅವನು. ಆ ದಾರಿಯ ತಿರುವುಗಳಲ್ಲಿ ಒಂದು ಕೋಳಿಯ ಪುಕ್ಕಕ್ಕೂ ಚಕ್ರ ತಾಗಿಸಿದವನಲ್ಲ. ಹಾಗೆಂದು ಅವನೇ ದಿನಕ್ಕೊಮ್ಮೆ ಹೇಳಿಕೊಳ್ಳುತ್ತಿದ್ದ, ಸುಳ್ಳೂ ಅಲ್ಲ. ಅಂಥವನಿಗೆ ಗುರುವಾಯನಕೆರೆಯ ಗ್ಯಾರೇಜಿನ ಉಮ್ಮರ್ ಸಾಹೇಬರ ಮಗಳು ಗಾಡಿ ನಿಲ್ಲಿಸುವ ಪರೀಕ್ಷೆ ಇಡುವುದೇ?

"ಎಂತ ಮಾಡುದು ಅಂದ್ರೆ? ಫಸ್ಟ್ ಗೇರಿಗೆ ಹಾಕುದು, ಹ್ಯಾಂಡ್‌ಬ್ರೇಕ್ ಎಳೆಯುದು, ಇಳಿದು ಚಕ್ರಕ್ಕೆ ಕಲ್ಲಿಡುದು. ನಮ್ಮಲ್ಲಿ ಸಮತಟ್ಟು ಜಾಗ ಎಲ್ಲುಂಟು ಮಾರಾಯ್ತಿ?"

"ಅದೇ ತೊಂದರೆ. ಗೇರಲ್ಲಿದ್ದ ಗಾಡಿಗೆ ದೂರದಿಂದ ಸ್ಟಾರ್ಟ್ ಕೊಟ್ರೆ ಎಂತ ಆಗ್ತದೆ, ನಾನು ನಿಮಗೆ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಕ್ಲಚ್ ಮೆಟ್ಟದೆ ಕೀ ತಿರುಗಿಸಿದರೆ ಗಾಡಿ ಹಗ್ಗ ಕಿತ್ತ ಹೋರಿಯ ಹಾಗೆ ಮುಂದಕ್ಕೆ ನುಗ್ಗುತ್ತದೆ. ಒಮ್ಮೆ ಬಸ್ಸಿನ ಶೆಡ್ಡಿನಲ್ಲಿ ಕ್ಲೀನರೊಬ್ಬ ಹೀಗೆ ಮಾಡಿ ಇಡೀ ಗೋಡೆಯನ್ನೇ ಮಲಗಿಸಿದ್ದ. ರುಕ್ಮಯ್ಯ ಎಲ್ಲ ಬಲ್ಲವನೇ, ಆದರೂ ಅವನಿಗೆ ರಿಮೋಟ್ ಬೇಕೇ ಬೇಕಿತ್ತು.

ಅದಕ್ಕೆ ಕಾರಣ ಅವನ ಹೆಂಡತಿ ಅಮ್ಮಣ್ಣಿಯ ಅಣ್ಣ ಸುಬ್ಬಯ್ಯ. ಮೂಡುಬಿದಿರೆಯಲ್ಲಿ ಹೋಟೆಲು, ಗೇರು ಹಾಕಬೇಕಿಲ್ಲದ ದೊಡ್ಡ ಆಟೋಮ್ಯಾಟಿಕ್ ಕಾರು. ಅವನ ಮನೆಯ ಪೂಜೆಗೆ ಹೋಗಿದ್ದಾಗ ಚಾವಡಿಯಲ್ಲಿ ಕೂತಲ್ಲಿಂದಲೇ ಅವನು ಏನನ್ನೋ ಒತ್ತಿದ, ಅಂಗಳದ ಉರಿಬಿಸಿಲಿನಲ್ಲಿದ್ದ ಕಾರು ತಾನಾಗಿ ಸ್ಟಾರ್ಟ್ ಆಯಿತು. "ಹೆಂಗಸರು ಹತ್ತುವಾಗ ಒಳಗೆ ತಂಪಿರಬೇಕು ನೋಡಿ," ಎಂದ. ಅಷ್ಟಕ್ಕೇ ಬಿಟ್ಟನೇ? "ಭಾವಾ, ನಿಮ್ಮದರಲ್ಲಿ ಇದು ಆಗ್ಲಿಕ್ಕಿಲ್ಲ. ಪಾಪ, ಗೇರಿನ ಗಾಡಿ," ಎಂದೂ ಸೇರಿಸಿದ. ವಾಪಸು ಬರುವ ದಾರಿಯುದ್ದಕ್ಕೂ ಅಮ್ಮಣ್ಣಿ ಸೆರಗಿನಿಂದ ಗಾಳಿ ಹಾಕಿಕೊಂಡಳು. ಆ 'ಪಾಪ' ರುಕ್ಮಯ್ಯನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿದುಬಿಟ್ಟಿತು.

"ಬೇರೆ ಕಡೆ ಒಂದೇ ವಯರು ಜೋಡಿಸಿ ರಿಮೋಟ್ ಹಾಕಿ ಕೊಡ್ತಾರಂತೆ," ಎಂದ ಈಗ, ಶಮ್ನಾಳನ್ನು ಹೆದರಿಸುವ ಹಾಗೆ.

ಅವಳು ಹೊರಗೆ ಬಂದು ಕೈ ಒರೆಸಿಕೊಂಡಳು. "ಕೊಡ್ತಾರೆ. ಬೇಕಾದ್ರೆ ಅಲ್ಲಿಗೇ ಹೋಗಿ, ನನಗೆ ಬೇಜಾರಿಲ್ಲ. ನನ್ನ ಕೈಯಿಂದ ಹೋದ ಗಾಡಿ ಡ್ರೈವರಿಲ್ಲದೆ ಹಾರಬಾರದು."

ರುಕ್ಮಯ್ಯ ಎದ್ದವನು ಮತ್ತೆ ಕೂತ. ಬ್ರೇಕ್ ಸರಿಯಿಲ್ಲದ ಬಸ್ಸನ್ನು ಹೊರಡಿಸು ಎಂದ ಧಣಿಯ ಮುಂದೆ ಕೀ ಇಟ್ಟು ತಾನೂ ಹೀಗೇ ಹೇಳಿದ್ದು ಅವನಿಗೆ ನೆನಪಾಯಿತು. ಹುಡುಗಿಯ ಸೊಕ್ಕು ಅವನಿಗೆ ಹಿಡಿಸಿತು. "ಸರಿ, ನಿನ್ನ ಕ್ರಮದಲ್ಲೇ ಹಾಕು," ಎಂದ.

ಸಂಜೆಗೆ ಕೆಲಸ ಮುಗಿಸಿ ಅವಳು ಕ್ರಮ ಹೇಳಿಕೊಟ್ಟಳು. ನಿಲ್ಲಿಸುವಾಗ ನ್ಯೂಟ್ರಲ್‌ಗೆ ತರಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು. ಕೀ ತೆಗೆದರೂ ಇಂಜಿನ್ ಓಡುತ್ತಲೇ ಇರುತ್ತದೆ. ಇಳಿದು, ಬಾಗಿಲು ಹಾಕಿ, ರಿಮೋಟಿನಿಂದ ಲಾಕ್ ಒತ್ತಿದರೆ ಆಗ ತಾನಾಗಿ ಆಫ್ ಆಗುತ್ತದೆ.

"ಡ್ರೈವರ್ ಇಲ್ಲದೆ ನಿಂತಲ್ಲೇ ಓಡಿದ್ರೆ ಗೇರಲ್ಲಿಲ್ಲ ಅಂತ ಗ್ಯಾರಂಟಿ ಅಲ್ವಾ? ಆಮೇಲೆ ಯಾವಾಗ ಒತ್ತಿದ್ರೂ ಸ್ಟಾರ್ಟ್ ಆಗ್ತದೆ. ಆದ್ರೆ ಮಧ್ಯದಲ್ಲಿ ಒಂದು ಬಾಗಿಲು ತೆರೆದ್ರೂ ಮುಗೀತು, ಮತ್ತೆ ಮೊದಲಿಂದ ಮಾಡ್ಬೇಕು. ಒಳಗೆ ಹೋದವರು ಎಂತ ಮುಟ್ಟಿದ್ರೋ, ಅದಕ್ಕೆ ಹೇಗೆ ಗೊತ್ತು?"

"ಅಷ್ಟು ಸಂಶಯವಾ ಅದಕ್ಕೆ?"

"ಹೌದು. ನನ್ನ ಹಾಗೆಯೇ," ಎಂದಳು ಶಮ್ನಾ.

ಆ ವಾರವೇ ವೇಣೂರಿನ ರುಕ್ಮಯ್ಯನ ಮನೆಯಲ್ಲಿ ಹೊಸಕ್ಕಿ ಊಟ. ಬೆಳಿಗ್ಗೆ ಎದ್ದವನೇ ಕಾರು ತೊಳೆದು, ಅಂಗಳದ ಮೇಲ್ತುದಿಯಲ್ಲಿ ಕೆಂಪುಕಲ್ಲಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಹೇಳಿಕೊಟ್ಟ ಕ್ರಮ ಒಂದೂ ತಪ್ಪಲಿಲ್ಲ. ಗೇರಿಗೆ ಹಾಕದೆ ಇಳಿಯುವಾಗ ಮಾತ್ರ ಉಟ್ಟ ಬಟ್ಟೆ ಬಿಚ್ಚಿ ಬೀದಿಗೆ ಬಂದಂತಾಯಿತು. ಸಮಾಧಾನಕ್ಕೆ ಹಿಂದಿನ ಚಕ್ರಗಳೆರಡಕ್ಕೂ ಕಲ್ಲಿಟ್ಟ. ಲಾಕ್ ಒತ್ತಿದ, ಇಂಜಿನ್ ತಾನಾಗಿ ನಿಂತಿತು. ಸಾಕಷ್ಟು ಖುಷಿಯಿಂದ ಸ್ನಾನಕ್ಕೆ ಹೋದ.

ನೆಂಟರು ಬಂದರು, ಸುಬ್ಬಯ್ಯನೂ ಬಂದ. ಎಲೆ ಹಾಕುವ ಗಡಿಬಿಡಿಯಲ್ಲಿ ಅಮ್ಮಣ್ಣಿ, "ವೀಳ್ಯದೆಲೆ ಕಾರಲ್ಲೇ ಉಳಿಯಿತಲ್ಲ ಮಾರಾಯ್ರೆ," ಎಂದಳು. ರುಕ್ಮಯ್ಯ ಓಡಿಹೋಗಿ ಕಟ್ಟು ತಂದುಕೊಟ್ಟ. ಆಮೇಲೆ ಊಟ, ಪಾಯಸ, ನಗು, ಹರಟೆ.

ಊಟವಾಗಿ ಎಲ್ಲರೂ ಜಗಲಿಗೆ ಬಂದಾಗ ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಭಾವಾ, ಗೇರಿನ ಗಾಡಿಗೆ ಆಗ್ಲಿಕ್ಕಿಲ್ಲ ಅಂತ ಹೇಳಿದ್ರಲ್ಲ. ಸ್ವಲ್ಪ ಅತ್ತ ನೋಡಿ."

ಸುಬ್ಬಯ್ಯ ದೂರದಿಂದ ನೋಡುವ ಜನವಲ್ಲ. ಒಳಗೆ ಯಾರನ್ನಾದರೂ ಕೂರಿಸಿದ್ದಾರೋ ಎಂದು ಸೀದಾ ಹೋಗಿ ಕಾರಿನ ಮುಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತು ಗಾಜಿನೊಳಗೆ ಇಣುಕಿದ. "ಹ್ಞಾಂ, ಒತ್ತಿ ನೋಡುವ," ಎಂದ.

ರುಕ್ಮಯ್ಯ ಒತ್ತಿದ. ಏನೂ ಆಗಲಿಲ್ಲ. ಎರಡು ಮೆಟ್ಟಿಲಿಳಿದು ಮತ್ತೆ ಒತ್ತಿದ. ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಸುಬ್ಬಯ್ಯ ನಗಲಿಲ್ಲ, ಅದೇ ದೊಡ್ಡ ಅವಮಾನ. "ಹೋಗ್ಲಿ ಬಿಡಿ ಭಾವ, ಪಾಪ," ಎಂದ. ಅಮ್ಮಣ್ಣಿ ಗಂಡನ ಮುಖ ನೋಡಲಾರದೆ ಒಳಗೆ ಹೋದಳು. ರುಕ್ಮಯ್ಯನ ಕಿವಿಗಳು ಬಿಸಿಯಾದವು. ಆ ಶಮ್ನಾಳನ್ನು ನಾಳೆ ಬೆಳಿಗ್ಗೆಯೇ ವಿಚಾರಿಸಿಕೊಳ್ಳುತ್ತೇನೆಂದು ಹಲ್ಲು ಕಚ್ಚಿ ನಡೆದು, ಕಾರಿನ ಬಾಗಿಲು ತೆರೆದು ಒಳಗೆ ಕೂತ.

ಗೇರು ಫಸ್ಟಿನಲ್ಲಿತ್ತು.

ಹಾಕಿದ್ದು ಅವನೇ. ಎಲೆಯ ಕಟ್ಟಿಗೆಂದು ಬಾಗಿದಾಗ, ತಲೆಯನ್ನು ಒಂದು ಮಾತೂ ಕೇಳದೆ, ಅವನ ಕೈ ಇಷ್ಟು ವರ್ಷ ಮಾಡಿದ್ದನ್ನೇ ಮಾಡಿಬಿಟ್ಟಿತ್ತು. ಅವನು ನಿಧಾನವಾಗಿ ತಲೆ ಎತ್ತಿದ. ಗಾಜಿನಾಚೆ, ಬಾನೆಟ್ಟಿಗೂ ಕಲ್ಲಿನ ಗೋಡೆಗೂ ನಡುವೆ, ಸುಬ್ಬಯ್ಯನ ಬಿಳಿ ಪಂಚೆ. ಕಲ್ಲುಗಳಿದ್ದದ್ದು ಹಿಂದಿನ ಚಕ್ರಕ್ಕೆ, ಹಿಂದುಗಡೆ. ಮುಂದಕ್ಕೆ ನುಗ್ಗುವ ಗಾಡಿಯನ್ನು ಹ್ಯಾಂಡ್‌ಬ್ರೇಕೊಂದೇ ತಡೆಯುವಂತಿರಲಿಲ್ಲ. ಎಲೆಗೆಂದು ಬಾಗಿಲು ತೆರೆದಿದ್ದಕ್ಕೇ ಗಾಡಿ ಸ್ಟಾರ್ಟ್ ಆಗದೆ ನಿಂತಿತ್ತು, ಶಮ್ನಾ ಹೇಳಿದ ಹಾಗೆಯೇ.

ಗೇರನ್ನು ಸದ್ದಿಲ್ಲದೆ ನ್ಯೂಟ್ರಲ್‌ಗೆ ತಂದು, ಬ್ಯಾಟರಿ ಸರಿಯಿಲ್ಲ ಎಂದುಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಗೇರಿನ ಮೇಲೆ ಹೋಗಿಯೂ ಇತ್ತು. ಆದರೆ ಹಾಗೆಂದರೆ ಕೆಟ್ಟ ಹೆಸರು ಬರುವುದು ಆ ಹುಡುಗಿಗೆ, ತನ್ನ ಭಾವನನ್ನು ಉಳಿಸಿಕೊಟ್ಟವಳಿಗೆ. ಅವನು ಕೈ ತೆಗೆದು ಹೊರಗಿಳಿದ.

"ಭಾವ, ಒಮ್ಮೆ ಈಚೆ ಬನ್ನಿ," ಎಂದ. ಸುಬ್ಬಯ್ಯ ಬಂದ ಮೇಲೆ ಜಗಲಿಗೂ ಕೇಳುವ ಹಾಗೆ ಹೇಳಿದ: "ಗಾಡಿ ಗೇರಲ್ಲಿತ್ತು. ಹಾಕಿದ್ದು ನಾನೇ."

ಸುಬ್ಬಯ್ಯ ಗೋಡೆಯನ್ನು ನೋಡಿದ, ಬಂಪರನ್ನು ನೋಡಿದ. ಹೋಟೆಲು ನಡೆಸುವವನಾದರೂ ಅಷ್ಟು ಲೆಕ್ಕ ಅವನಿಗೂ ಬರುತ್ತಿತ್ತು. "ಹಾಗಾದ್ರೆ ನೀವು ಒತ್ತಿದಾಗ..."

"ಒತ್ತಿದೆ. ಎರಡು ಸಲ ಒತ್ತಿದೆ. ಅದು ನನ್ನ ಮಾತು ಕೇಳಲಿಲ್ಲ."

ಸುಬ್ಬಯ್ಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಮ್ಮಣ್ಣಿ ನೀರು ತಂದುಕೊಟ್ಟಳು. ಕುಡಿದು, ಬಾಯಿ ಒರೆಸಿಕೊಂಡು ಕೇಳಿದ, "ಯಾರು ಹಾಕಿಕೊಟ್ಟದ್ದು ಆ ರಿಮೋಟನ್ನು?"

"ಗುರುವಾಯನಕೆರೆಯ ಶಮ್ನಾ. ಉಮ್ಮರ್ ಸಾಹೇಬರ ಮಗಳು," ಎಂದ ರುಕ್ಮಯ್ಯ. ಹೇಳುತ್ತ ಹೇಳುತ್ತ ಅವನ ಎದೆ ಉಬ್ಬಿತು. ಬಸ್ಸಿನ ಕಾಲದಲ್ಲಿ ತನ್ನ ಹೆಸರು ಹೇಳಿಕೊಳ್ಳುವಾಗಲೂ ಅಷ್ಟು ಉಬ್ಬಿರಲಿಕ್ಕಿಲ್ಲ. "ಹಟದ ಹುಡುಗಿ. ನಾನು ಹೇಳಿದ ಹಾಗೆ ಮಾಡ್ಲೇ ಇಲ್ಲ."

ಇಳಿಹೊತ್ತಿಗೆ ನೆರಿಯ ಊರಿನ ನೆಂಟರು ತಡವಾಗಿ ಬಂದರು. ಅವರಿಗೆ ಬೆಲ್ಲ ನೀರು ಕೊಡುವ ಮೊದಲೇ ರುಕ್ಮಯ್ಯ ಕೈ ಹಿಡಿದು ಅಂಗಳಕ್ಕೆ ಕರೆತಂದ. ಕಾರು ಇನ್ನೂ ಗೇರಿನಲ್ಲೇ ಇತ್ತು, ಅವನು ಬೇಕೆಂದೇ ಹಾಗೆ ಬಿಟ್ಟಿದ್ದ. ಸುಬ್ಬಯ್ಯ ನಿಂತಿದ್ದ ಜಾಗದಲ್ಲಿ ಈಗ ಮನೆಯ ಹೇಂಟೆ ಕೋಳಿಯೊಂದು, ಬಂಪರಿಗೆ ಬೆನ್ನು ಹಾಕಿ, ಯಾರೋ ಚೆಲ್ಲಿದ ಅನ್ನ ಹೆಕ್ಕುತ್ತಿತ್ತು.

"ನೋಡಿ, ಎಂಥ ಗಾಡಿ ಮಾಡಿ ಕೊಟ್ಟಿದ್ದಾಳೆ ಶಮ್ನಾ," ಎಂದು ರುಕ್ಮಯ್ಯ ರಿಮೋಟನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಒತ್ತಿದ. ಕಾರು ಮಿಸುಕಲಿಲ್ಲ. ಅವನು ಮತ್ತೊಮ್ಮೆ, ಇನ್ನೂ ಜೋರಾಗಿ ಒತ್ತಿದ. ಹೇಂಟೆ ತಲೆ ಕೂಡ ಎತ್ತದೆ ಅನ್ನ ಹೆಕ್ಕುತ್ತಲೇ ಇತ್ತು.