ಕತ್ತರಿಸಿದ ಚರಣ

“ಆ ಹಾಡೂ ಇದ್ಯಾ ಇದ್ರಲ್ಲಿ?” ವೆಲ್ಡಾ ಪೆಟ್ಟಿಗೆಯನ್ನು ಮುಟ್ಟಲಿಲ್ಲ.

“ಅದಿಲ್ದೆ ಇರತ್ತಾ? ಜನಕ್ಕೆ ಬೇಕಾಗಿರೋದೇ ಅದು,” ಎಂದ ರಾಯ್ಸ್ ಟ್ಯಾಕೆಟ್, ಹ್ಯಾಟು ತೆಗೆದು ಮಂಡಿಯ ಮೇಲಿಟ್ಟುಕೊಳ್ಳುತ್ತ.

ಅವನ ಜೀವಮಾನದ ಹಾಡುಗಳೆಲ್ಲ ಗ್ರಾಮಫೋನ್ ತಟ್ಟೆಗಳಾಗಿ ಆ ಪೆಟ್ಟಿಗೆಯಲ್ಲಿದ್ದವು. ಟೆಕ್ಸಸ್ಸಿನ ಹೆಂಡದಂಗಡಿಗಳಲ್ಲಿ ಮೀಸೆ ಚಿಗುರುವ ವಯಸ್ಸಿನಲ್ಲಿ ಹಾಡಿದವು. ನ್ಯಾಶ್‌ವಿಲ್‌ನ ಹಾಡಿನ ಕಂಪನಿಗಳ ದೊಡ್ಡವರು ಹಾಡಿಗೆ ಪಿಟೀಲಿನ ತಂಡ ಸೇರಿಸೆಂದಾಗ “ನಿಮ್ಮ ಪಿಟೀಲು ನೀವೇ ಇಟ್ಕೊಳ್ಳಿ” ಎಂದು ಎದ್ದು ಬಂದು ಪುಂಡನೆನಿಸಿಕೊಂಡ ಕಾಲದವು. ಈಚೆಗೆ ಒಡಕು ದನಿಯಲ್ಲಿ ಹಾಡಿದವೂ.

ವೆಲ್ಡಾ ಒಂದು ಕಾಲಕ್ಕೆ ಅವನ ಹೆಂಡತಿ. ಅವನ ಕುಡಿತ, ಊರೂರು ಅಲೆತ ಸಾಕಾಗಿ ಒಂದು ಬೆಳಗ್ಗೆ ಮಗಳನ್ನೆತ್ತಿಕೊಂಡು ಹೊರಟುಬಿಟ್ಟಿದ್ದಳು. ಮರುವರ್ಷವೇ ಆ ಹಾಡು ಬಂತು: ಬೆಳಕು ಹರಿಯುವ ಮುಂಚೆ, ಹಿಂತಿರುಗಿಯೂ ನೋಡದೆ ಹೋದ ಕಲ್ಲೆದೆಯವಳ ಹಾಡು. ಯಾರ ಮನೆಯ ರೇಡಿಯೊ ಹಚ್ಚಿದರೂ ಅದೇ. ಅವಳ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸಿಕೊಳ್ಳುತ್ತಲೇ ಹೆಂಗಸರು ಕನ್ನಡಿಯಲ್ಲಿ ಅವಳ ಮುಖ ನೋಡುತ್ತಿದ್ದರು. ಚರ್ಚಿನ ಮೆಟ್ಟಿಲ ಮೇಲೂ ಯಾರೋ ಗುನುಗಿದ್ದರು. ಹಾಡು ಶುರುವಾದರೆ ಸಾಕು, ವೆಲ್ಡಾ ಎದ್ದು ಹೋಗುತ್ತಿದ್ದಳು.

“ನನ್ನ ಮಾನ ಹರಾಜು ಹಾಕಿ ಹೆಸರು ಮಾಡ್ದೆ. ಈಗ ಅದನ್ನೇ ಡಬ್ಬಿಗೆ ತುಂಬ್ಕೊಂಡು ಬಂದಿದೀಯ. ನಾಚ್ಕೆ ಆಗಲ್ವೇನೋ ಮುದುಕ?”

“ಬಯ್ಯಿ. ಆದ್ರೆ ಒಂದ್ಸಲ ಕೇಳಿ ಬಯ್ಯಿ. ಉದ್ದ ಆಯ್ತು ಅಂತ ಆಗ ಕಂಪನಿಯವ್ರು ಕೊನೇ ಚರಣ ಕತ್ತರಿಸಿಬಿಟ್ಟಿದ್ರು. ಈ ಸಲ ಹಟ ಹಿಡಿದು ಹಾಕ್ಸಿದೀನಿ.”

ಅವನು ಗ್ರಾಮಫೋನಿಗೆ ತಟ್ಟೆ ಹಾಕಿದ. ವೆಲ್ಡಾ ಹೊರಬಾಗಿಲ ಚಿಲಕದ ಮೇಲೆ ಕೈಯಿಟ್ಟೇ ನಿಂತಳು. ಮೊದಲೆರಡು ಚರಣ ಹಳೆಯ ಗಾಯವನ್ನು ಕೆರೆದು ಹೋದವು. ಆಗ ಕತ್ತರಿಸಿದ್ದ ಮೂರನೆಯದರಲ್ಲಿ ಒಂದು ಪೆಟ್ರೋಲ್ ಬಂಕು ಬಂತು. ಪುಟ್ಟ ಮಗುವಿನ ಕೈಗೆ ಐಸಿನ ಲೋಟ ಕೊಟ್ಟು, “ಇಲ್ಲೇ ಇರು ಕಂದ” ಎಂದು ತಾಯಿ ಬಸ್ಸು ಹತ್ತಿದಳು. ಬೆರಳ ಸಂದಿಯಿಂದ ಐಸು ಕರಗಿ ಇಳಿಯಿತು. ಬಸ್ಸು ತಿರುಗಿ ಬರಲಿಲ್ಲ.

“ನಿಮ್ಮಮ್ಮ ಜ್ವರ ಬಂದು ತೀರ್ಕೊಂಡ್ರು ಅಂತ ನೀನೇ ಅಂದಿದ್ದೆ,” ಎಂದಳು ವೆಲ್ಡಾ.

“ಹಾಗನ್ನೋದು ಸುಲಭ ಆಗಿತ್ತು.”

“ಮತ್ತೆ ನನ್ನ ಮೇಲಲ್ವಾ ಇದು?”

“ನಿನ್ನ ಮೇಲೆ ಹಾಡು ಕಟ್ಟೋಕೆ ಯಾವ ಬಾಯಿತ್ತು ನಂಗೆ? ನೀನು ಹೋಗಿದ್ದು ಸರಿಯಾಗೇ ಇತ್ತು.”

“ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲೋ!”

“ಬಾಯಿ ಬಿಟ್ರೆ ಅಮ್ಮನ ವಿಷ್ಯ ಹೇಳ್ಬೇಕಾಗಿತ್ತು, ವೆಲ್ಡಾ.” ಅವನು ಹ್ಯಾಟಿನ ಅಂಚನ್ನು ಸವರುತ್ತಿದ್ದ.

ಸಿಟ್ಟು ಬರಬೇಕಿತ್ತು. ವೆಲ್ಡಾ ಅದಕ್ಕಾಗಿ ಒಳಗೆಲ್ಲ ತಡಕಾಡಿದಳು, ಸಿಕ್ಕಿದ್ದು ನಗು. ತಡೆಯಲಾರದೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

“ಅತ್ತೆಗೆ ಬೀಳ್ಬೇಕಾಗಿದ್ದ ಬೈಗುಳಾನೆಲ್ಲ ಸೊಸೆ ತಿಂದ್ಲು ಅನ್ನು!”

ಅವನೂ ಹೆದರುತ್ತಲೇ ನಕ್ಕ. ಅವಳು ಬಾಗಿಲು ಬಿಟ್ಟು ಬಂದು ಎದುರಿಗೆ ಕುಳಿತಳು. ಮೊನ್ನೆ ಬೇಯಿಸಿದ ಪೀಚ್ ಹಣ್ಣಿನ ಕಡುಬನ್ನು ಅವನತ್ತ ತಳ್ಳಿ, ಇಡೀ ದಿನ ಬಿಗಿದಿದ್ದ ಬೂಟುಗಳನ್ನು ಕಳಚಿ ಎಸೆದಳು. ಅಷ್ಟರಲ್ಲಿ ಮುಂದಿನ ಹಾಡು ಹತ್ತಿಕೊಂಡಿತು, ಶನಿವಾರದ ಕುಣಿತದ್ದು. ರಾಯ್ಸ್ ತಲೆ ತಗ್ಗಿಸಿ ತಿನ್ನುತ್ತಿದ್ದ. ಮೇಜಿನ ಕೆಳಗೆ ವೆಲ್ಡಾಳ ಬರಿಗಾಲು ಮೆಲ್ಲಗೆ ನೆಲಕ್ಕೆ ತಾಳ ಹಾಕುತ್ತಿತ್ತು.