ಹುದ್ದೆಯ ಕಾಲಂ

“ಗ್ಲೌಸ್ ಬೇಕಂತ, ಗ್ಲೌಸ್. ಬಿಎಸ್ಸಿ ಓದಿದ ಕೈಗೆ ಬ್ಯಾರೆ ತೊಗಲ ಇರ್ತದೇನು?”

ಮ್ಯಾನೇಜರ್ ಉಪೇಂದ್ರರಾವ್ ಮೆಟ್ಟಿಲ ಮೇಲೆ ನಿಂತು ಕೇಳಿದ. ಕೆಳಗೆ ಮಂದಾಕಿನಿ ಸೊಂಟದವರೆಗೆ ಡ್ರಮ್ಮಿನೊಳಗೆ ಬಗ್ಗಿ, ತಳಕ್ಕೆ ಅಂಟಿದ್ದ ಹಳದಿ ಕೆಸರನ್ನು ಕೆರೆಯುತ್ತಿದ್ದಳು. ಪಕ್ಕದ ಡ್ರಮ್ಮಿನಲ್ಲಿ ಸುಭದ್ರಾ ಇದ್ದಳು. ಏಳನೇ ಇಯತ್ತೆ ಓದಿದವಳು, ಹನ್ನೆರಡು ವರ್ಷದಿಂದ ಇದೇ ಕೆಲಸ. ಇಬ್ಬರದೂ ಒಂದೇ ಪಗಾರ.

“ಸುಮ್ನಿರವ್ವಾ,” ಎಂದಳು ಸುಭದ್ರಾ, ಮೆಲ್ಲಗೆ. “ಈ ನೀರಿಗೆ ಯಾರು ಎಷ್ಟ ಓದ್ಯಾರ ಗೊತ್ತಾಗೂದಿಲ್ಲ.”

ನಾಲ್ಕು ವರ್ಷದ ಹಿಂದೆ ತೆಲುಗು ಸೀಮೆಯ ಜೀಡಿಮೆಟ್ಲಾದ ಈ ಔಷಧ ಕಾರ್ಖಾನೆಗೆ ಮಂದಾಕಿನಿ ಬಂದದ್ದು ಕೆಮಿಸ್ಟ್ ಕೆಲಸ ಕೇಳಿಕೊಂಡು. ರಸಾಯನಶಾಸ್ತ್ರದಲ್ಲಿ ಫಸ್ಟ್ ಕ್ಲಾಸ್. ಅವಳ ಬಾಯಲ್ಲಿ ಕನ್ನಡ ಕೇಳಿ ಉಪೇಂದ್ರರಾವ್ ಹಿಗ್ಗಿ, ನಮ್ಮ ಕಡೆಯ ಹುಡುಗಿ ಎಂದು ಕೂಡಿಸಿದ್ದ. ಅಪ್ಪನ ಊರು ಕೇಳಿದ. ಅಪ್ಪ ಏನು ಮಾಡುತ್ತಾನೆಂದು ಕೇಳಿದ. ಆಮೇಲೆ ಊರಲ್ಲಿ ಮನೆ ಯಾವ ಕೇರಿಯಲ್ಲಿ ಎಂದು ಕೇಳಿದ. ಅವಳು ಹೇಳಿದ ಮೇಲೆ ಚಹಾ ತರಿಸಲಿಲ್ಲ. ಆರು ತಿಂಗಳು ಹೆಲ್ಪರ್ ಆಗಿರು, ಆಮೇಲೆ ಲ್ಯಾಬಿಗೆ ಹಾಕುತ್ತೇನೆ ಎಂದು ಒರಿಜಿನಲ್ ಸರ್ಟಿಫಿಕೇಟುಗಳನ್ನೆಲ್ಲ ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಆ ಆರು ತಿಂಗಳು ಮುಗಿಯಲೇ ಇಲ್ಲ. ಹೋದ ವರ್ಷ ನಾಚಾರಂನ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅಲ್ಲಿ ಒರಿಜಿನಲ್ ಕೇಳಿದರು, ಇಲ್ಲಿ ಉಪೇಂದ್ರರಾವ್ ಕೊಡಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.

ಈಗ ಅವನು ಮೆಟ್ಟಿಲ ಮೇಲಿಂದ ಒಂದು ಬಿಳಿ ಕೋಟು ಎಸೆದ. “ಕೈ ತೊಳಕೊಂಡು ಇದನ್ನ ಹಾಕ್ಕೋ. ಇನ್‌ಸ್ಪೆಕ್ಷನ್ ಅದ. ಇವತ್ತೊಂದಿನ ನೀ ಕೆಮಿಸ್ಟ್.”

ಔಷಧ ಇಲಾಖೆಯ ಅಧಿಕಾರಿ ಮ್ಯಾನೇಜರನ ಕೋಣೆಯಲ್ಲಿ ಪರೀಕ್ಷೆಯ ರಿಜಿಸ್ಟರ್ ತಿರುವಿದ. ಪುಟಪುಟದಲ್ಲೂ ಮಂದಾಕಿನಿಯ ಸಹಿ ಇತ್ತು. ಅವಳು ಮಾಡದ ಪರೀಕ್ಷೆಗಳಿಗೆ ವಾರಕ್ಕೊಮ್ಮೆ ಕೂಡಿಸಿ ಹಾಕಿಸಿದ ಸಹಿಗಳು. ಇವನ್ನೆಲ್ಲ ನೀವೇ ಮಾಡಿದ್ದಾ ಎಂದು ಅವನು ತೆಲುಗಿನಲ್ಲಿ ಕೇಳಿದ. ಉಪೇಂದ್ರರಾವ್ ಅದೇ ಕಪಾಟಿಗೆ ಒರಗಿ ನಿಂತಿದ್ದ. ಈ ಔಷಧ ಯಾರ್ಯಾರ ಮನೆಯ ಕೂಸಿನ ಬಾಯಿಗೆ ಹೋಗುತ್ತದೋ ಎಂದು ಮಂದಾಕಿನಿಗೆ ಅನ್ನಿಸಿತು. ಆದರೂ ಬಾಯಿಂದ ಬಂದದ್ದು “ಅವುನು ಸಾರ್”, ಹೌದು ಎಂಬ ಮಾತೇ.

ಅಧಿಕಾರಿ ಖುಷಿಪಟ್ಟ. ನಿಮ್ಮಂಥ ಹೆಣ್ಣುಮಕ್ಕಳು ಮುಂದೆ ಬರಬೇಕು ಎಂದ. ಮುಂದೆ ಬರೆಯಲು ಇಟ್ಟಿದ್ದ ಹೊಸ ರಿಜಿಸ್ಟರಿನ ಪ್ರತಿ ಪುಟಕ್ಕೂ ಮೊಹರು ಒತ್ತಿ ಊಟಕ್ಕೆ ಹೋದ. ಅವಳು ಕೋಟು ಬಿಚ್ಚಿಟ್ಟು ಕೆಳಗಿಳಿದಳು.

ಸಂಜೆ ಮನೆಯಲ್ಲಿ ತಂಗಿ ಭಕ್ತಿ ರೊಟ್ಟಿ ಬಡಿಯುತ್ತಿದ್ದಳು. ಇಂಟರ್‌ನಲ್ಲಿ ಅಂದರೆ ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸು ಬಂದಿತ್ತು. ಡಿಗ್ರಿಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಹಾಕಿದೆಯಾ ಎಂದು ಮಂದಾಕಿನಿ ಕೇಳಿದಳು.

“ಇಲ್ಲ. ನಿಮ್ಮ ಕಂಪನ್ಯಾಗ ಪ್ಯಾಕಿಂಗಿಗೆ ಬರ್ತೀನಿ.”

“ಹುಚ್ಚ ಹಿಡದೈತೇನ ನಿನಗ? ಓದೂದು ಬಿಟ್ಟು?”

“ಓದಿ ನಿನಗೇನ ಸಿಕ್ತಕ್ಕಾ? ಮೂರು ವರ್ಷ ಓದಿ ಡ್ರಮ್ಮ ತೊಳಿಯೂದಕ್ಕಿಂತ ಈಗ್ಲೇ ತೊಳೀತೀನಿ. ಮೂರು ವರ್ಷದ ಪಗಾರಾದ್ರೂ ಉಳೀತೈತಿ.”

ಮಂದಾಕಿನಿ ಕೆನ್ನೆಗೆ ಹೊಡೆದಳು. ಭಕ್ತಿ ಅಳಲಿಲ್ಲ, ಅಕ್ಕನ ಸುಲಿದ ಅಂಗೈಯನ್ನೇ ನೋಡಿದಳು. ಗಾರೆ ಕೆಲಸದಿಂದ ಆಗಷ್ಟೇ ಬಂದಿದ್ದ ಅಪ್ಪ ಅಂಬಣ್ಣ ಬಾಗಿಲಲ್ಲೇ ನಿಂತಿದ್ದ. ಮಗಳು ಕೆಮಿಸ್ಟ್ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ, ಒಳಗೆ ಬರದೆ ಹಾಗೇ ಹಿಂದಿರುಗಿ ಹೋದ.

ಮರುದಿನ ಉಪೇಂದ್ರರಾವ್ ಅವಳನ್ನು ಕರೆಸಿ ಹೊಸ ರಿಜಿಸ್ಟರ್ ಮುಂದಿಟ್ಟ. ಈ ವಾರದ್ದೆಲ್ಲ ಸಹಿ ಮಾಡು ಎಂದು ಹೇಳಿ ಫೋನಿನಲ್ಲಿ ಮಾತಿಗೆ ತೊಡಗಿದ. ಮಂದಾಕಿನಿ ಸಹಿ ಮಾಡಿದಳು. ಪಕ್ಕದಲ್ಲಿ ಹುದ್ದೆಯ ಕಾಲಂ ಯಾವಾಗಲೂ ಖಾಲಿ ಇರುತ್ತಿತ್ತು, ಆಮೇಲೆ ಅವನೇ ತುಂಬಿಕೊಳ್ಳುತ್ತಿದ್ದ. ಇವತ್ತು ಅವಳೇ ತೆಲುಗಿನಲ್ಲಿ ದೊಡ್ಡದಾಗಿ ಬರೆದಳು: ಡ್ರಮ್ಮು ತೊಳೆಯುವವಳು. ಈ ಪರೀಕ್ಷೆ ಮಾಡಿಲ್ಲ.

ಅವನು ಫೋನಿಟ್ಟು ನೋಡುವಷ್ಟರಲ್ಲಿ ಒಂಬತ್ತು ಪುಟ ಆಗಿತ್ತು.

“ರಂಡೆ, ಏನ ಬರದಿ?”

“ಖರೇ ಬರದೀನ್ರಿ.”

ಅವನು ಹಾಳೆ ಹರಿಯಲು ಕೈ ಹಾಕಿದವನು ಅಲ್ಲೇ ತಡೆದ. ಒಂದೊಂದು ಪುಟಕ್ಕೂ ಅಚ್ಚಾದ ನಂಬರಿತ್ತು, ಅಧಿಕಾರಿಯ ಮೊಹರಿತ್ತು. “ನಿನ್ನ ಸರ್ಟಿಫಿಕೇಟು ಸುಟ್ಟು ಬೂದಿ ಮಾಡ್ತೀನಿ,” ಎಂದು ಕಪಾಟಿನ ಬೀಗ ತೆಗೆದ. ಅವಳು ತಲೆಯೆತ್ತದೆ ಮುಂದಿನ ಪುಟದಲ್ಲೂ ಅದನ್ನೇ ಬರೆಯತೊಡಗಿದಳು. ಅವನು ಕಿಟಕಿಯಿಂದ ಬಗ್ಗಿ ಗೇಟಿನವರನ್ನು ಕೂಗಿದ.

ಮೆಟ್ಟಿಲ ಮೇಲೆ ಬೂಟಿನ ಸದ್ದು ಹತ್ತಿ ಬರುತ್ತಿತ್ತು. ಮಂದಾಕಿನಿ ಹದಿಮೂರನೆಯ ಪುಟ ತಿರುವಿದಳು.