ಮೊಳೆಯಮ್ಮನ ಖಾನೆಗಳು

ಮೊಳೆಯಮ್ಮ ತನ್ನ ಮನೆಯಲ್ಲಿ ಉಳಿಯುವಳೋ, ಊರಾಚೆಯ ಆರೈಕೆ ಮನೆಗೆ ಹೋಗುವಳೋ ಎಂಬುದು ಆ ಬೆಳಿಗ್ಗೆ ಒಂದು ಲೋಟ ಚಹಾದ ಮೇಲೆ ನಿಂತಿತ್ತು.

ಆಕೆಯ ಕಣ್ಣು ಮಂಜಾಗಿ ಕೆಲವು ವರ್ಷಗಳಾಗಿದ್ದವು. ಬೆಳಕು ಯಾವ ಕಡೆ, ಮನುಷ್ಯರು ಯಾವ ಕಡೆ ಎಂಬಷ್ಟು ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಮಗ ಬಸ್ಸು ಓಡಿಸುತ್ತಿದ್ದ. ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಹಗಲು ಹೊತ್ತು ಮನೆಯಲ್ಲಿ ಆಕೆ ಒಬ್ಬಳೇ. ಹಿಂದಿನ ತಿಂಗಳು ಅಡುಗೆಮನೆಯಲ್ಲಿ ಒರೆಸುವ ಬಟ್ಟೆಗೆ ಬೆಂಕಿ ತಗುಲಿ, ಕಿಟಕಿಯಿಂದ ಹೊಗೆ ಹೊರಟು, ಎದುರು ಮನೆಯವರು ಓಡಿಬಂದಿದ್ದರು. ಅವರು ಬರುವ ಮೊದಲೇ ಮೊಳೆಯಮ್ಮ ನೀರು ಸುರಿದು ಬೆಂಕಿ ಆರಿಸಿದ್ದಳು. ಆ ಸಂಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆರೈಕೆ ಮನೆಯಲ್ಲಿ ಒಂದು ಹಾಸಿಗೆ ತೆರವಾಗಿದೆಯೆಂದು ಮಗ ವಿಚಾರಿಸಿಕೊಂಡು ಬಂದ. ಆದರೆ ಅಲ್ಲಿ ಸೇರಿಸಿಕೊಳ್ಳುವ ಮೊದಲು ಆರೋಗ್ಯ ಕೇಂದ್ರದ ನರ್ಸ್ ಮನೆಗೆ ಬಂದು, ಮನೆಯವರನ್ನೂ ಮನೆಯನ್ನೂ ನೋಡಿ, ಈಕೆ ಹಗಲಿನಲ್ಲಿ ಒಬ್ಬಳೇ ಇರಬಲ್ಲಳೇ ಇಲ್ಲವೇ ಎಂದು ಹೇಳಬೇಕು. ಅದು ಅಲ್ಲಿಯ ನಿಯಮ.

"ನಾನು ಹೋಗಲ್ಲ," ಎಂದಿದ್ದಳು ಮೊಳೆಯಮ್ಮ. "ಹೊತ್ಕೊಂಡು ಹೊರಟ್ರೆ ಬಾಗಿಲು ಹಿಡ್ಕೋತೀನಿ. ಬಾಗಿಲು ಸಮೇತ ಒಯ್ದು ಬಿಡಿ."

ಮೊಳೆಯಮ್ಮ ಎಂಬುದು ಅಚ್ಚುಕೂಟದವರು ಇಟ್ಟ ಹೆಸರು. ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸುವ ಕೆಲಸದಲ್ಲಿ ಆಕೆಯ ಆಯುಷ್ಯ ಕಳೆದಿತ್ತು. ಅಚ್ಚುಕೂಟದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಮರದ ಪೆಟ್ಟಿಗೆಯಲ್ಲಿ ಒಂದು ಖಾನೆ ಇರುತ್ತದೆ. ಹೆಚ್ಚು ಬೇಕಾಗುವ ಅಕ್ಷರ ಕೈಗೆ ಹತ್ತಿರ, ಅಪರೂಪದ್ದು ಮೂಲೆಗೆ. ಕಣ್ಣು ಬರಹದ ಮೇಲೆ, ಕೈ ಖಾನೆಯ ಮೇಲೆ. ಖಾನೆಯ ಕಡೆ ನೋಡುವವರನ್ನು ಅಲ್ಲಿ ಕಲಿಯುವವರೆಂದೇ ಎಣಿಸುತ್ತಿದ್ದರು. ಹೀಗಾಗಿ ಕಣ್ಣು ಹೋದಾಗ ಮೊಳೆಯಮ್ಮ ಹೆಚ್ಚು ಗೋಳಾಡಲಿಲ್ಲ. ಅಡುಗೆಮನೆಯನ್ನು ಖಾನೆಗಳಾಗಿ ಹಂಚಿದಳು. ಒಲೆಯ ಬಲಕ್ಕೆ ಮೊಳಕೈ ದೂರದಲ್ಲಿ ಸಕ್ಕರೆ, ಅದರ ಹಿಂದೆ ಚಹಾಪುಡಿ, ಉಪ್ಪು ಎಡಗಡೆಯ ಗಿಡ್ಡ ಭರಣಿಯಲ್ಲಿ, ಬೆಂಕಿಪೆಟ್ಟಿಗೆ ಕಿಟಕಿಯ ಕಟ್ಟೆಯ ಮೇಲೆ. ಒಂದರಂತೆ ಇನ್ನೊಂದು ಡಬ್ಬಿ ಇರಲಿಲ್ಲ. ನೋಡುವವರಿಗೆ ಅದು ಹರಕುಮುರುಕು ಸಾಮಾನಿನ ರಾಶಿ.

ಸೊಸೆ ಆ ರಾಶಿಯನ್ನು ನೋಡುವವಳ ಕಣ್ಣಿನಿಂದಲೇ ನೋಡಿದಳು. ಅತ್ತೆ ಮನೆಯಲ್ಲಿ ಉಳಿಯಬೇಕೆಂದು ಅವಳಿಗೆ ಆಸೆ. ನರ್ಸ್ ಬಂದು ಈ ಅವಸ್ಥೆ ಕಂಡರೆ ಏನೆಂದುಕೊಂಡಾಳು ಎಂಬ ದಿಗಿಲು. ಬೆಳಗಾಗುವುದರೊಳಗೆ ಎದ್ದು, ಸದ್ದಿಲ್ಲದೆ, ಒಂದೇ ಅಳತೆಯ ಹೊಸ ಡಬ್ಬಿಗಳಿಗೆ ಎಲ್ಲವನ್ನೂ ಸುರಿದು, ಗೋಡೆಗೆ ಒತ್ತಿ ಸಾಲಾಗಿ ನಿಲ್ಲಿಸಿದಳು. ಹಳೆಯವನ್ನು ಮೂಟೆ ಕಟ್ಟಿ ಹಿತ್ತಿಲಿಗೆ ಸಾಗಿಸಿದಳು. ಬೆಂಕಿಪೆಟ್ಟಿಗೆಯನ್ನು ಡ್ರಾಯರಿನಲ್ಲಿಟ್ಟಳು. ನೀರಿನ ಹೂಜಿಯನ್ನು ತೊಳೆದು ಬಾಗಿಲ ಬದಿಯ ಕಟ್ಟೆಯ ಅಂಚಿನಲ್ಲಿ ಇಟ್ಟಳು. ಅಡುಗೆಮನೆ ಅಂಗಡಿಯ ಹಾಗೆ ಹೊಳೆಯಿತು. ಅತ್ತೆಗೆ ಹೇಳಬೇಕೆಂಬುದು ಅವಳಿಗೆ ಹೊಳೆಯಲಿಲ್ಲ.

ನರ್ಸ್ ಬಂದಳು. ನಡುವಯಸ್ಸಿನವಳು, ಹೆಗಲಿಗೆ ಚೀಲ, ಸವೆದ ಚಪ್ಪಲಿ. ಎಲ್ಲರನ್ನೂ ಕೂರಿಸಿ ತಾನೂ ಕುಳಿತು ಪ್ರಶ್ನೆ ಆರಂಭಿಸಿದಳು.

"ಅಮ್ಮ, ರಾತ್ರಿ ಎಷ್ಟು ಸಲ ಏಳ್ತೀರಿ?"

"ಎರಡು ಮೂರು ಸಲ ಏಳ್ತಾರೆ," ಎಂದ ಮಗ.

"ನೀನು ಗೊರಕೆ ಹೊಡೀತಿರ್ತೀಯ. ಲೆಕ್ಕ ಯಾವಾಗ ಇಟ್ಟೆ?" ಎಂದಳು ಮೊಳೆಯಮ್ಮ. "ಒಂದೇ ಸಲ ಏಳೋದು ಸಿಸ್ಟರ್. ಅದೂ ಇವನ ಗೊರಕೆಗೆ."

ನರ್ಸ್ ನಗಲಿಲ್ಲ, ಆದರೆ ತುಟಿ ಬಿಗಿಹಿಡಿದದ್ದು ಸೊಸೆಗೆ ಕಾಣಿಸಿತು.

"ಊಟ ಸೇರುತ್ತಾ?"

"ಪರವಾಗಿಲ್ಲ, ಸ್ವಲ್ಪ ಕಡಿಮೆ..." ಎಂದು ಮಗ ಮತ್ತೆ ಬಾಯಿ ತೆರೆದ.

"ನನ್ನ ಹೊಟ್ಟೆ ವಿಷಯಾನೂ ಇವನೇ ಹೇಳ್ತಾನಂತೆ! ಲೋ, ಬಾಯಿ ಇನ್ನೂ ನನ್ನ ಹತ್ರಾನೇ ಇದೆ ಕಣೋ. ಹೋಗಿರೋದು ಕಣ್ಣು ಮಾತ್ರ."

"ಇನ್ನು ಮೇಲೆ ಅಮ್ಮನೇ ಹೇಳ್ಲಿ," ಎಂದಳು ನರ್ಸ್. ರಕ್ತದೊತ್ತಡ, ಕಾಲಿನ ಊತ, ಮೊಣಕಾಲಿನ ಮೇಲೆ ಮಾಯುತ್ತಿದ್ದ ಗಾಯ, ಕಣ್ಣಿಗೆ ಹಾಕುವ ಹನಿ, ಎದ್ದು ನಡೆಯುವ ಬಗೆ, ಎಲ್ಲವನ್ನೂ ನೋಡಿ ಆದ ಮೇಲೆ ನರ್ಸ್ ಚೀಲ ಬದಿಗಿಟ್ಟಳು.

"ಒಂದು ಲೋಟ ಚಹಾ ಮಾಡಿ ಕೊಡ್ತೀರಾ ಅಮ್ಮ? ನನಗೋಸ್ಕರ ಅಲ್ಲ, ನೋಡೋದಕ್ಕೆ."

"ನೋಡೋದಕ್ಕೂ ಆಗುತ್ತೆ, ಕುಡಿಯೋದಕ್ಕೂ ಆಗುತ್ತೆ. ಬಾ," ಎಂದು ಮೊಳೆಯಮ್ಮ ಎದ್ದಳು. ಗೋಡೆ ಹಿಡಿಯದೆ ನಡೆದಳು. ಹಾಗೆ ನಡೆಯಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿದ್ದಳು.

ಕಿಟಕಿಯ ಕಟ್ಟೆಗೆ ಕೈ ಚಾಚಿದಳು. ಬರಿಗಲ್ಲು. ಕೈ ಒಂದು ಕ್ಷಣ ಅಲ್ಲೇ ನಿಂತಿತು. ತಾನು ಮಾಡಿದ್ದೇನೆಂದು ಸೊಸೆಗೆ ಆಗ ತಿಳಿಯಿತು. ಬಾಯಿ ತೆರೆದಳು. ನರ್ಸ್ ಬೆರಳೆತ್ತಿ ತಡೆದಳು: ಯಾರೂ ಮಾತಾಡಬಾರದು.

ಮೊಳೆಯಮ್ಮನೂ ಕೇಳಲಿಲ್ಲ. ಕೇಳಿದರೆ ಸೋತಂತೆ ಎಂದು ಅವಳ ಎಣಿಕೆ. ತಡಕಿ ತಡಕಿ ಡ್ರಾಯರಿನಲ್ಲಿ ಬೆಂಕಿಪೆಟ್ಟಿಗೆ ಸಿಕ್ಕಿತು. ಒಲೆ ಹೊತ್ತಿಸಿ, ಉರಿಯನ್ನು ಹಾಗೇ ಬಿಟ್ಟು, ಪಾತ್ರೆಗಾಗಿ ತಿರುಗಿದಾಗ ಮೊಳಕೈ ಹೂಜಿಗೆ ತಾಗಿತು. ಹೂಜಿ ಉರುಳಿತು. ಒದ್ದೆ ನೆಲದ ಮೇಲೆ ಕಾಲು ಜಾರಿತು. ನರ್ಸ್ ತೋಳು ಹಿಡಿಯದಿದ್ದರೆ ಬೀಳುತ್ತಿದ್ದಳು. ಆದರೂ ಬಿಡಲಿಲ್ಲ. ಹೂಜಿಯಲ್ಲಿ ಉಳಿದ ನೀರು ಸುರಿದು, ವಾಸನೆಯಿಂದ ಚಹಾಪುಡಿ ಗುರುತಿಸಿ ಹಾಕಿ, ಒಂದರಂತೆ ಇರುವ ಡಬ್ಬಿಗಳಲ್ಲಿ ಒಂದನ್ನು ಸಕ್ಕರೆಯೆಂದು ಎಳೆದು, ಎರಡು ಚಮಚ ಹಾಕಿ, ಕುದಿಸಿ, ಸೋಸಿ, ಲೋಟವನ್ನು ನರ್ಸಿನ ಕೈಗಿತ್ತಳು.

ನರ್ಸ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಹೇಗಿದೆ?"

"ಉಪ್ಪು ಅಮ್ಮ."

ಮೊಳೆಯಮ್ಮ ಎರಡೂ ಕೈಗಳನ್ನು ಗೋಡೆಯ ಸಾಲಿನ ಮೇಲೆ ಓಡಿಸಿದಳು. ಡಬ್ಬಿ, ಡಬ್ಬಿ, ಡಬ್ಬಿ. ಎಲ್ಲ ಒಂದೇ ಎತ್ತರ, ಒಂದೇ ಮುಚ್ಚಳ.

"ಇದು ಯಾರ ಅಡುಗೆಮನೆ?" ಎಂದಳು.

"ಅತ್ತೆ," ಎಂದು ಸೊಸೆ ಮುಂದೆ ಬಂದಳು. "ಚೆನ್ನಾಗಿ ಕಾಣ್ಲಿ ಅಂತ... ನಾನೇ ಬೆಳಿಗ್ಗೆ..."

"ಯಾರಿಗೆ ಚೆನ್ನಾಗಿ ಕಾಣ್ಲಿ ಅಂತ? ನನಗಾ?"

"ಸಾಕು ಅಮ್ಮ," ಎಂದ ಮಗ. ಅವನ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. "ಯಾರು ಇಟ್ರೇನು, ಎಲ್ಲಿಟ್ರೇನು? ಈಗ ಜಾರಿದೆ, ನಾಳೆ ಬೀಳ್ತೀಯ. ನಾನು ಸ್ಟೇರಿಂಗ್ ಹಿಡ್ಕೊಂಡು ಕೂತಿರ್ತೀನಿ. ಬೆಂಕಿ ಆರಿಸೋ ಗಾಡಿ ಸದ್ದು ಕೇಳಿದ್ರೆ ಸಾಕು, ನಮ್ಮ ಬೀದಿ ಕಡೆಗೇನಾ ಅಂತ ಕನ್ನಡಿಲಿ ನೋಡ್ತೀನಿ. ಬಸ್ಸಿನ ತುಂಬ ಜನ ಇರ್ತಾರೆ. ಎಷ್ಟು ದಿನ ಅಂತ ಹೀಗೆ?"

"ಭಯ ನಿಂದು. ಮನೆ ಬಿಡೋದು ನಾನಾ?"

ಮೊಳೆಯಮ್ಮ ನರ್ಸ್ ನಿಂತಿದ್ದ ಕಡೆಗೆ ತಿರುಗಿದಳು.

"ನೀನು ಈಗ ಬರೀತೀಯ ಅಲ್ವಾ, ಈ ಮುದುಕಿಗೆ ಆಗಲ್ಲ ಅಂತ?"

"ನಾನು ಕಂಡದ್ದನ್ನ ಬರೀಬೇಕು ಅಮ್ಮ."

"ಬರೀ. ಬೇಡ ಅನ್ನಲ್ಲ. ಆದ್ರೆ ಏನು ಕಂಡೆ ಅಂತ ತಿಳ್ಕೊಂಡು ಬರೀ. ಇವತ್ತು ಬೆಳಿಗ್ಗೆ ಹುಟ್ಟಿದ ಅಡುಗೆಮನೇಲಿ ನನ್ನ ನಿಲ್ಲಿಸಿ ನೋಡಿದ್ದೀಯ. ನಿನ್ನ ಚೀಲದಲ್ಲಿರೋದನ್ನೆಲ್ಲ ಅದಲು ಬದಲು ಮಾಡಿ, ಕತ್ತಲಲ್ಲಿ ಸೂಜಿ ಚುಚ್ಚು ಅಂದ್ರೆ ಚುಚ್ತೀಯಾ?"

"ಚುಚ್ಚಲ್ಲ," ಎಂದಳು ನರ್ಸ್. ಸ್ವಲ್ಪ ಯೋಚಿಸಿ ಕೇಳಿದಳು: "ಬೆಂಕಿ ಹತ್ತಿದ ದಿನ ಏನಾಯ್ತು? ಮಗ ಹೇಳಿದ್ದು ಕೇಳಿದ್ದೀನಿ. ನೀವು ಹೇಳಿ."

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಆಕೆಗೆ ಕೇಳಿರಲಿಲ್ಲ.

"ಒರೆಸೋ ಬಟ್ಟೆ ಮೊದ್ಲಿಂದ ತೊಟ್ಟಿ ಹತ್ರ ನೇತಾಡ್ತಿತ್ತು. ಹಿಂದಿನ ದಿನ ಈ ಮಹಾರಾಯ ಒಲೆ ಮೇಲೆ ಹೊಸ ಕೊಕ್ಕೆ ಹೊಡೆದು ಅಲ್ಲಿಗೆ ಹಾಕಿದಾನೆ. ಹಾಕಿ ಡ್ಯೂಟಿಗೆ ಹೋದ. ನನಗೆ ಹೇಗೆ ಗೊತ್ತಾಗ್ಬೇಕು? ಉರಿ ಹಚ್ದೆ, ಹತ್ಕೊಳ್ತು."

"ಕೈಗೆ ಸಿಗ್ಲಿ, ಅನುಕೂಲ ಆಗ್ಲಿ ಅಂತ ಹೊಡೆದೆ," ಎಂದ ಮಗ.

"ಅನುಕೂಲ! ನೀವಿಬ್ರೂ ಅನುಕೂಲ ಮಾಡಿ ಮಾಡಿ ನನ್ನ ಮುಗಿಸ್ತೀರಿ."

"ಮೊಣಕಾಲಿನ ಗಾಯ?" ನರ್ಸ್ ಬಿಡಲಿಲ್ಲ.

"ಅದು ಸ್ಟೂಲು. ಗುಡಿಸುವಾಗ ಸರಿಸಿದ್ರು, ವಾಪಸ್ ಇಡ್ಲಿಲ್ಲ."

ಎರಡು ಅಪಘಾತ, ಈಗಿನದು ಮೂರನೆಯದು. ಮೂರರಲ್ಲೂ ಸಮಾನವಾಗಿದ್ದ ಸಂಗತಿ ಮುದುಕಿಯ ಕಣ್ಣಲ್ಲ, ಬೇರೆಯವರ ಕೈ. ನರ್ಸ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಉಳಿದಿರಲಿಲ್ಲ. ಮಗ ತಲೆಯೆತ್ತಿ ಕೊಕ್ಕೆಯನ್ನು ನೋಡುತ್ತಿದ್ದ.

"ಇದೇ ಬೀದಿಯಲ್ಲಿ ಒಬ್ಬ ಬಾಣಂತಿನ ನೋಡೋದಿದೆ," ಎಂದಳು ನರ್ಸ್. "ನೋಡಿ ಬರ್ತೀನಿ. ಅಷ್ಟರಲ್ಲಿ ನಿಮ್ಮ ಅಡುಗೆಮನೆ ನಿಮ್ಮದಾಗಿರ್ಲಿ. ಇನ್ನೊಂದು ಲೋಟ ಚಹಾ. ಅದೇ ಕೊನೆ." ಬಾಗಿಲ ಬಳಿ ಹೋದವಳು ಸೊಸೆಯನ್ನು ನೋಡಿ ನಿಂತಳು. ಸೊಸೆ ಗೋಡೆಗೆ ಒರಗಿ ಹಣೆ ಒತ್ತಿಕೊಳ್ಳುತ್ತಿದ್ದಳು. "ನೀವು ಇಲ್ಲಿ ಕೂತ್ಕೊಳ್ಳಿ. ಕೈ ಕೊಡಿ."

"ನನಗೇನಾಗಿದೆ ಸಿಸ್ಟರ್? ನೀವು ನೋಡೋಕೆ ಬಂದಿದ್ದು ಅತ್ತೇನ."

"ನಾನು ಬಂದಿದ್ದು ಈ ಮನೇನ ನೋಡೋಕೆ." ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ನೋಡಿ, ಮತ್ತೊಮ್ಮೆ ನೋಡಿದಳು. "ಅತ್ತೆಯ ರಕ್ತದೊತ್ತಡ ಚೆನ್ನಾಗಿದೆ. ಜಾಸ್ತಿ ಇರೋದು ನಿಮ್ಮದು. ನಿದ್ದೆ ಬಿಟ್ಟು ಎಷ್ಟು ದಿನ ಆಯ್ತು?"

ಹೊಗೆ ಎದ್ದ ದಿನದಿಂದ ಎಂದು ಸೊಸೆಯ ಮುಖವೇ ಹೇಳಿತು. ಆ ಮುಖವನ್ನು ಮೊಳೆಯಮ್ಮ ಕಾಣದಿದ್ದರೂ ಮೌನವನ್ನು ಕೇಳಿದಳು.

ನರ್ಸ್ ಹೋದ ಮೇಲೆ ಅಡುಗೆಮನೆ ಅಚ್ಚುಕೂಟವಾಯಿತು. ಅಚ್ಚಾದ ಪುಟವನ್ನು ಬಿಚ್ಚಿ ಮೊಳೆಗಳನ್ನು ಖಾನೆಗೆ ಹಿಂದಿರುಗಿಸುವಾಗ ಆಕೆ ಎಷ್ಟು ನಿಷ್ಠುರಳಾಗಿದ್ದಳೋ ಈಗಲೂ ಅಷ್ಟೇ. ಮೊದಲು ನೆಲ ಒರೆಸಿಸಿದಳು. ಹಳೆಯ ಭರಣಿಗಳು, ನೆಗ್ಗಿದ ಡಬ್ಬಿಗಳು ಹಿತ್ತಿಲಿನ ಮೂಟೆಯಿಂದ ಹೊರಬಂದವು.

"ಸಕ್ಕರೆ ಇನ್ನೂ ಇತ್ತ. ಇನ್ನೂ. ಹಾಂ, ಅಲ್ಲಿ. ಉಪ್ಪು ಎಡಕ್ಕೆ. ನೀನು ಮುಟ್ಟಬೇಡ ಕಣೋ, ನೀನು ಮೊದ್ಲು ಆ ಕೊಕ್ಕೆ ಕೀಳು."

ಮಗ ಇಕ್ಕಳ ತಂದು ಕೊಕ್ಕೆ ಕಿತ್ತ. ಗೋಡೆಯ ಗಾರೆ ಸ್ವಲ್ಪ ಉದುರಿತು.

"ನೀವು ಇಲ್ಲೇ ಇರ್ಬೇಕು ಅಂತ ಮಾಡಿದ್ದು ಅತ್ತೆ," ಎಂದಳು ಸೊಸೆ, ಡಬ್ಬಿ ಒರೆಸುತ್ತ.

"ಗೊತ್ತು ಕಣೆ. ಅದಕ್ಕೇ ಬೈತಿದೀನಿ. ಕಳಿಸೋಕೆ ಮಾಡಿದ್ರೆ ನಿನ್ನ ಜೊತೆ ಮಾತೇ ಆಡ್ತಿರ್ಲಿಲ್ಲ. ಆ ಚಹಾಪುಡಿ ಮುಚ್ಚಳ ಸಡಿಲ ಇರ್ಲಿ. ಗಟ್ಟಿ ಮುಚ್ಚಳ ಇರೋದು ಮೆಣಸು."

ನರ್ಸ್ ಹಿಂದಿರುಗಿದಾಗ ಮೊಳೆಯಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದಳು. "ಒಂದ್ನಿಮಿಷ," ಎಂದು ನರ್ಸ್ ತಾನೊಬ್ಬಳೇ ಒಳಗೆ ಹೋಗಿ ಬಂದಳು. "ಈಗ ಮಾಡಿ."

ಈ ಸಲ ಕೈಗಳು ತಡಕದೆ ನೇರ ಹೋದವು. ಬೆಂಕಿಪೆಟ್ಟಿಗೆ, ಪಾತ್ರೆ, ಹೂಜಿ. ಬೆರಳನ್ನು ಪಾತ್ರೆಯ ಅಂಚಿಗಿಟ್ಟು ನೀರಿನ ಮಟ್ಟ ಅಳೆದಳು. ಒಲೆ ಹತ್ತಿತು. ಚಹಾಪುಡಿ ಬಿತ್ತು. ಬಲಗೈ ಸಕ್ಕರೆಗೆ ಹೋಯಿತು. ಸಕ್ಕರೆ ಇರಲಿಲ್ಲ.

ಸೊಸೆ ನರ್ಸಿನ ಕಡೆ ಉರಿಗಣ್ಣು ಬಿಟ್ಟಳು.

ಮೊಳೆಯಮ್ಮನ ಕೈ ಖಾಲಿ ಜಾಗದ ಮೇಲೆ ನಿಂತಿತು. ಮೊದಲ ಸಲವೂ ಹೀಗೆಯೇ ನಿಂತಿತ್ತು. ಆಗ ಅದು ಮುಂದಕ್ಕೆ ತಡಕಿತ್ತು. ಈಗ ಹಿಂದಕ್ಕೆ ಬಂದು, ಒಲೆಯ ಗುಬುಟನ್ನು ತಿರುವಿ ಉರಿ ಆರಿಸಿತು. ಆಮೇಲೆ ಆಕೆ ಎರಡೂ ಕೈ ಸೊಂಟಕ್ಕಿಟ್ಟು ತಿರುಗಿದಳು.

"ಸಿಸ್ಟರ್, ನನ್ನ ಸಕ್ಕರೆ ಎಲ್ಲಿಟ್ಟೆ?"

"ಹೇಗೆ ಗೊತ್ತಾಯ್ತು ನಾನೇ ಅಂತ?"

"ಇವರಿಬ್ರಿಗೂ ಇವತ್ತು ಆ ಧೈರ್ಯ ಇಲ್ಲ."

ನರ್ಸ್ ಈಗ ನಕ್ಕಳು. "ಮೊದಲ ಸಲ ಯಾಕೆ ಉರಿ ಆರಿಸ್ಲಿಲ್ಲ ಅಮ್ಮ? ಯಾಕೆ ಕೇಳ್ಲಿಲ್ಲ?"

"ಹಟ," ಎಂದಳು ಮೊಳೆಯಮ್ಮ. ಹೇಳಲು ಇಷ್ಟವಿಲ್ಲದೆ, ಆದರೆ ಸ್ಪಷ್ಟವಾಗಿ ಹೇಳಿದಳು. "ಕೇಳಿದ್ರೆ ಕಳಿಸ್ತಾರೆ ಅಂದ್ಕೊಂಡೆ. ಅದು ನನ್ನ ತಪ್ಪು, ಬೇಕಾದ್ರೆ ಬರ್ಕೋ. ಆದ್ರೆ ತಪ್ಪು ಮಾಡ್ದವರನ್ನೆಲ್ಲ ಮನೆಯಿಂದ ಕಳಿಸೋದಾದ್ರೆ ಈ ಇಬ್ಬರಿಗೂ ಅಲ್ಲಿ ಹಾಸಿಗೆ ಹಾಕ್ಸು."

ಸಕ್ಕರೆಯ ಡಬ್ಬಿಯನ್ನು ನರ್ಸ್ ಆಕೆಯ ಕೈಗೇ ಕೊಟ್ಟಳು. ಚಹಾ ಆಯಿತು. ನರ್ಸ್ ನಿಂತೇ ಕುಡಿದು, ಲೋಟವನ್ನು ಬರಿದು ಮಾಡಿ, ಮಗನಿಗೆ ಹೇಳಿದಳು:

"ಅಮ್ಮ ಇಲ್ಲೇ ಇರ್ತಾರೆ. ಹಾಗಂತ ಬರೆದು ಕೊಡ್ತೀನಿ. ಆದ್ರೆ ಈ ಮನೆಯಲ್ಲಿ ಇವರಿಗೆ ಹೇಳದೆ ಒಂದು ಚಮಚಾನೂ ಜಾಗ ಬದಲಾಯಿಸಬಾರದು. ಮುಂದಿನ ತಿಂಗಳು ಮತ್ತೆ ಬರ್ತೀನಿ, ಹೇಳದೆ ಬರ್ತೀನಿ. ನಿಮ್ಮ ಹೆಂಡತಿ ನಾಳೆ ಕೇಂದ್ರಕ್ಕೆ ಬರ್ಬೇಕು, ಡಾಕ್ಟರು ನೋಡ್ಬೇಕು."

"ನಾಳೆ ಕೆಲಸ ಇದೆ ಸಿಸ್ಟರ್..." ಎಂದಳು ಸೊಸೆ.

"ಬರ್ತಾಳೆ," ಎಂದಳು ಮೊಳೆಯಮ್ಮ. "ನಾನು ಕರ್ಕೊಂಡು ಬರ್ತೀನಿ. ದಾರಿ ಇವಳು ನೋಡ್ಲಿ, ಉಳಿದದ್ದು ನಾನು ನೋಡ್ಕೋತೀನಿ."

"ಆ ಆರೈಕೆ ಮನೆಯವರಿಗೆ ಏನು ಹೇಳ್ಲಿ?" ಎಂದ ಮಗ. ಕೇಳಿದ್ದು ನರ್ಸನ್ನು; ಉತ್ತರ ಬಂದದ್ದು ತಾಯಿಯಿಂದ.

"ಹಾಸಿಗೆ ಬೇಕಾದವರಿಗೆ ಕೊಡಿ ಅಂತ ಹೇಳು. ಇಲ್ಲೊಬ್ಬಳಿಗೆ ಕೈತುಂಬ ಕೆಲಸ ಇದೆ ಅನ್ನು."

ನರ್ಸ್ ಚೀಲ ಹೆಗಲಿಗೇರಿಸಿ ಹೊರಟಳು. ಮಗ ಅವಳ ಲೋಟವನ್ನು ತೊಳೆದು, ಒರೆಸಿ, ಕಟ್ಟೆಯ ಮೇಲೆ ಇಡಲು ಕೈ ಚಾಚಿದ.

"ಅಲ್ಲಲ್ಲ," ಎಂದಳು ಮೊಳೆಯಮ್ಮ, ತಿರುಗದೆ.

ಮಗನ ಕೈ ಗಾಳಿಯಲ್ಲೇ ನಿಂತಿತು. "ಮತ್ತೆ ಎಲ್ಲಿ ಅಮ್ಮ?" ಎಂದು ಕೇಳಿದ.

ಆಕೆ ಎಲ್ಲಿ ಎಂದು ಹೇಳಿದಳು. ಅವನು ಅಲ್ಲಿಟ್ಟ.